ಕಲ್ಲುಗುಡಿಯ ವಾರಸುದಾರ

ಉಟ್ಕೂರ್ ಹತ್ತಿರದ ಹಳೇ ಕಲ್ಲುಗುಡಿ ನೋಡಲು ಯಾರೇ ಬರಲಿ, ದೇವರಿಗಿಂತ ಮೊದಲು ಕಾಂತೇಶಪ್ಪನ ದರ್ಶನವಾಗಬೇಕು. "ನಮ್ಮ ಹಿರ್ಯಾರು ಕಟ್ಟಿಸಿದ ಗುಡಿ ಐತ್ರೀ ಇದು" ಎಂದು ಮೀಸೆ ನೀವುತ್ತಾನೆ. ಹಿರಿಯರು ನೆರಳಲ್ಲಿ ಕೂತು ಬೆರಳು ತೋರಿಸಿದರಂತೆ, ಊರಿಗೆ ಊರೇ ಕಲ್ಲು ಹೊತ್ತಿತಂತೆ. ರಾಜನೂ ಇವರನ್ನು ಕೇಳಿಯೇ ಪಾಯ ತೆಗೆಸಿದನಂತೆ. ದೇವರು ಒಳಗೆ ಬರಲು ಇವರ ಪರವಾನಗಿ ಪಡೆದನೋ ಇಲ್ಲವೋ, ಅದೊಂದನ್ನು ಮಾತ್ರ ಇನ್ನೂ ಹೇಳಿಲ್ಲ. ಮೊನ್ನೆ ಬಂದಿದ್ದ ಕಾಲೇಜು ಹುಡುಗಿಯೊಬ್ಬಳು, "ಅಷ್ಟು ಎತ್ತರಕ್ಕ ಕಲ್ಲು ಹ್ಯಾಂಗ ಏರಿಸಿದ್ರು ಕಾಕಾ?" ಎಂದಳು. ಕಾಂತೇಶಪ್ಪ ಥಟ್ಟನೆ ಹೆಗಲ ಮೇಲಿನ ವಲ್ಲಿಯನ್ನು ಸಿಂಬಿ ಸುತ್ತಿ ತಲೆಯ ಮೇಲಿಟ್ಟು, ಮೊಣಕಾಲು ಬಗ್ಗಿಸಿ, ಉಸಿರು ಬಿಗಿಹಿಡಿದು, ತಲೆಯ ಮೇಲೆ ಕಲ್ಲು ಹೊತ್ತವನ ಹಾಗೆ ಎದ್ದ. ಹೊತ್ತು ಹೊತ್ತು ರೂಢಿಯಾದ ಆ ಮೈಗೆ, ಬೆರಳು ತೋರಿಸುವುದು ಹೇಗೆಂದು ಗೊತ್ತೇ ಇರಲಿಲ್ಲ.