ನಾತಾಳ ಅಜ್ಜನ ವಿಭೂತಿ

ನಮ್ಮಪ್ಪ ಯಾರಿಗೂ ಹೆದರುತ್ತಿರಲಿಲ್ಲ ಎಂದರೆ ಸುಳ್ಳಾದೀತು. ಅವ್ವನಿಗೆ ಹೆದರುತ್ತಿದ್ದ. ಸಾಹೇಬನಿಗೂ ಒಂದಿಷ್ಟು ಹೆದರುತ್ತಿದ್ದ. ಹುಬ್ಬಳ್ಳಿಯ ಹತ್ತಿ ಬಿಡಿಸುವ ಜಿನ್ನಿನಲ್ಲಿ ಕೂಲಿಯಾಳುಗಳ ಮೇಲೆ ಮುಕಾದಮನಾಗಿದ್ದವನು ಹೆದರದೆ ಇರಲಾದೀತೆ? ಆದರೆ ಹಣೆಯ ಮೇಲಿನ ವಿಭೂತಿಯ ಮಾತು ಬಂದರೆ ಅವನು ಬೇರೆಯೇ ಮನುಷ್ಯ. ಅದನ್ನು ನಾನು ಕಣ್ಣಾರೆ ಕಂಡದ್ದು ಬಿಳಿಯರ ನಾತಾಳ, ಅಂದರೆ ಕ್ರಿಸ್‌ಮಸ್ ಹಬ್ಬದಲ್ಲಿ. ಆಗ ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ.

ಜಿನ್ನಿನ ಸಾಹೇಬನ ಹೆಂಡತಿಯನ್ನು ನಾವು, ಮೇಡಂ ಎನ್ನಲು ಬಾರದೆ, ಮಡ್ಡಮ್ಮ ಎನ್ನುತ್ತಿದ್ದೆವು. ಡಿಸೆಂಬರ್ ಬಂತೆಂದರೆ ಆಕೆಗೆ ಹುಬ್ಬಳ್ಳಿ ಹುಬ್ಬಳ್ಳಿಯಾಗಿ ಉಳಿಯಬಾರದು. ಬಂಗಲೆಯ ಪಡಸಾಲೆಯಲ್ಲಿ ಸರ್ವೆ ಗಿಡ ನಿಲ್ಲಿಸುವಳು. ನಮ್ಮ ಬಿಸಿಲು ಕಾಣಬಾರದೆಂದು ಕಿಟಕಿಗೆಲ್ಲ ಪರದೆ ಎಳೆಸುವಳು. ಹಿಮ ಬಿದ್ದಂತೆ ಕಾಣಲೆಂದು ಜಿನ್ನಿನಿಂದ ಬುಟ್ಟಿಗಟ್ಟಲೆ ಅರಳೆ ತರಿಸಿ, ಗಿಡದಿಂದ ಹೊಸ್ತಿಲವರೆಗೂ ಚೆಲ್ಲಿಸುವಳು. ಅಪ್ಪಿತಪ್ಪಿ ಹತ್ತಿಗೆ ಕಾಲು ತಾಗಿದರೆ ಎತ್ತಿ ಕಣ್ಣಿಗೊತ್ತಿಕೊಳ್ಳುವ ಮನೆ ನಮ್ಮದು. ಅವ್ವ ಆ ಸುದ್ದಿ ಕೇಳಿ, “ಲಕ್ಷ್ಮೀನ್ನ ತುಳದು ಹಬ್ಬ ಮಾಡ್ತಾರಲ್ಲ” ಎಂದು ಸಿಟ್ಟಾದಳು.

ಆ ಹಬ್ಬಕ್ಕೆ ಕೆಂಪು ನಿಲುವಂಗಿ, ಬಿಳಿ ಗಡ್ಡದ ಅಜ್ಜನೊಬ್ಬ ಬಂದು ಬಿಳಿಯರ ಮಕ್ಕಳಿಗೆ ಆಟಿಕೆ ಹಂಚಬೇಕು. ಆ ವೇಷ ಹಾಕುತ್ತಿದ್ದ ದಪ್ಪ ಇಂಜಿನಿಯರು ವಿಲಾಯತಿಗೆ ಮರಳಿದ್ದ. ಅಷ್ಟು ದೊಡ್ಡ ಹೊಟ್ಟೆ, ಅಷ್ಟು ದೊಡ್ಡ ನಗು ಇನ್ನಾರಿಗಿದೆ? ನಮ್ಮಪ್ಪನಿಗೆ. ಮೇಲಾಗಿ ನಮ್ಮ ಓಣಿಯ ದೊಡ್ಡಾಟದಲ್ಲಿ ರಾವಣನ ಪಾತ್ರ ಅವನದೇ. ಜಿನ್ನಿನ ಕಾರಕೂನರು ಹೇಳಿ ಕಳಿಸಿದ್ದೇ ತಡ, ಹುರುಪಿನಿಂದ ಹೊರಟ. ನಾನಿನ್ನೂ ಸಣ್ಣ ಹುಡುಗಿ, ಅವನ ಬೆನ್ನು ಹತ್ತಿದೆ.

ಬಂಗಲೆಯ ಹಿಂದಿನ ಕೋಣೆಯಲ್ಲಿ ನಿಲುವಂಗಿ ತೊಡಿಸಿದರು, ಅರಳೆಯ ಗಡ್ಡ ಅಂಟಿಸಿದರು. ಮಡ್ಡಮ್ಮ ಮೆಚ್ಚಿ ನೋಡಿದವಳು ಅವನ ಹಣೆಯ ಕಡೆ ಬೆರಳು ತೋರಿಸಿ ಇಂಗ್ಲಿಷಿನಲ್ಲಿ ಏನೋ ಅಂದಳು.

“ಮುಕಾದಮ, ಅದನ್ನ ಒರಸಬೇಕಂತ ನೋಡು,” ಎಂದರು ಕಾರಕೂನರು. “ಅವರ ಅಜ್ಜಗ ವಿಭೂತಿ ಇರಂಗಿಲ್ಲಂತ.”

“ಇರಲಿಕ್ಕಿಲ್ಲರಿ. ಈ ಅಜ್ಜಗ ಐತಿ.”

“ಒಂದು ತಾಸಿನ ಮಾತು. ದೊಡ್ಡಾಟದಾಗ ವೇಷ ಹಾಕೂಮುಂದ ಏನ್ ಮಾಡ್ತಿ?”

“ರಾವಣನ ಹಣಿಮ್ಯಾಲೂ ವಿಭೂತಿ ಇರತೈತ್ರಿ. ರಾಕ್ಷಸ ಆದ್ರೂ ಶಿವಭಕ್ತ ಅವ.”

ಕಾರಕೂನರು ಮಡ್ಡಮ್ಮನ ಕಡೆ ನೋಡಿದರು. ಇದನ್ನು ಇಂಗ್ಲಿಷಿನಲ್ಲಿ ಹೇಳುವುದಾದರೂ ಹೇಗೆ? ದನಿ ತಗ್ಗಿಸಿ, “ನೌಕರಿ ಹೋದೀತೋ ಮಾರಾಯ. ಹುಡುಗಿ ಮಾರಿ ನೋಡಿಯರ ಒರಸು,” ಎಂದರು.

ಅಪ್ಪ ನನ್ನ ಮುಖ ನೋಡಿದ. ನನಗೆ ಅಳು ಒತ್ತಿ ಬಂದಿತ್ತು. ಒರೆಸಿಬಿಡು ಎನ್ನಬೇಕೆನಿಸಿತು. ಅವನು ಗಡ್ಡ ಕಿತ್ತು ಕಡ್ಡಿಯಂತಿದ್ದ ಕಾರಕೂನರ ಕೈಗಿಟ್ಟು, “ಹಂಗಾದ್ರ ನೀವ ಹಚ್ಕೊಳ್ರಿ,” ಎಂದ.

ಒಳಗೆ ಮಕ್ಕಳ ಗದ್ದಲ ಏರುತ್ತಿತ್ತು. ಮಡ್ಡಮ್ಮ ತುಟಿ ಕಚ್ಚಿಕೊಂಡಳು. ಗಡ್ಡವನ್ನು ಮತ್ತೆ ಅಂಟಿಸಿ, ಕೆಂಪು ಟೊಪ್ಪಿಗೆಯನ್ನು ಅವನ ಹುಬ್ಬಿನವರೆಗೂ ಎಳೆದಳು. ಅಷ್ಟಕ್ಕೆ ರಾಜಿಯಾಯಿತು.

ನನ್ನನ್ನು ಒಳಗೆ ಬಿಡಲಿಲ್ಲ. ನಮ್ಮಂಥವರ ಮಕ್ಕಳಿಗೆ ವರಾಂಡವೇ ಜಾಗ, ಕೊನೆಗೊಂದು ಕಿತ್ತಳೆ ಹಣ್ಣು. ಪರದೆಯ ಸಂದಿಯಿಂದ ಇಣುಕಿದೆ. ಅಪ್ಪ ರಾವಣನ ನಗೆ ನಕ್ಕ, ಮಕ್ಕಳು ಕೇಕೆ ಹಾಕಿದರು. ಮೊದಲ ಆಟಿಕೆ ಕೊಡುವ ಮುನ್ನ ಅವನು ಬೇಕೆಂದೇ ಟೊಪ್ಪಿಗೆಯನ್ನು ಹಿಂದಕ್ಕೆ ಸರಿಸಿದ. ಮಡ್ಡಮ್ಮ ಎದ್ದು ನಿಂತಳು. ಅಷ್ಟರಲ್ಲಿ ಅವಳ ಮಗಳೇ ಅಪ್ಪನ ತೊಡೆಯೇರಿ ಆ ಮೂರು ಪಟ್ಟೆಗಳ ಮೇಲೆ ಬೆರಳಾಡಿಸಿ, ಹತ್ತಿದ ಬಿಳುಪನ್ನು ತನ್ನ ಮೂಗಿಗೆ ಒರೆಸಿಕೊಂಡು ನಕ್ಕಳು. ಸಾಹೇಬನೂ ನಕ್ಕ. ನೌಕರಿ ಉಳಿಯಿತು. ನನಗೆ ಮಾತ್ರ ಆ ಕಿತ್ತಳೆಯ ಮೇಲೆ ಕೆಟ್ಟ ಸಿಟ್ಟು ಬಂದಿತ್ತು, ಆದರೂ ಬಿಡದೆ ತಿಂದೆ.

ಮರುವರ್ಷ ಮಡ್ಡಮ್ಮ ಅಪ್ಪನನ್ನು ಕರೆಸಲಿಲ್ಲ. ಯಾವನೋ ಬಿಳಿಯನಿಗೇ ವೇಷ ಹಾಕಿಸಿದ್ದಳು. ನಾವು ರೊಟ್ಟಿ ತಿನ್ನುತ್ತ ಕೂತಾಗ ಕಾರಕೂನರು ಏದುಸಿರು ಬಿಡುತ್ತ ಬಂದರು.

“ಮುಕಾದಮ್ರ, ಲಗೂ ಬರ್ರಿ. ಸಾಹೇಬರ ಹುಡುಗಿ ಅಜ್ಜನ ಟೊಪಗಿ ಎತ್ತಿ ಹಣಿ ನೋಡಿ ಅಳಾಕತ್ತಾಳ. ಇವ ಸುಳ್ಳ ಅಜ್ಜ ಅಂತ ಒಂದ ಹಟ. ಉಳದ ಹುಡುಗ್ರೂ ಅದನ್ನ ಹಿಡದಾರ.”

ಅಪ್ಪ ನಿಧಾನವಾಗಿ ಊಟ ಮುಗಿಸಿ ಕೈ ತೊಳೆದ. ಹೊಸದಾಗಿ ವಿಭೂತಿ ಧರಿಸಿದ. ಆಮೇಲೆ ನನ್ನನ್ನು ಮುಂದೆ ನಿಲ್ಲಿಸಿಕೊಂಡು ನನ್ನ ಹಣೆಗೂ ಮೂರು ಬೆರಳು ಎಳೆದ.

“ಇಕಿನೂ ಬರತಾಳ. ಮುಂದಿನ ಬಾಗಲದಿಂದ.”

“ಅದೆಲ್ಲ ಈಗ್ಯಾಕರಿ?”

“ಹಂಗಾದ್ರ ಅಜ್ಜ ಮನ್ಯಾಗಿಲ್ಲ ಅಂತ ಹೇಳ್ರಿ.”

ಕಾರಕೂನರು ಮುಂದೆ ನಡೆದರು.

ಬಂಗಲೆಯ ಮುಂಬಾಗಿಲಲ್ಲಿ ಮಡ್ಡಮ್ಮ ನಿಂತಿದ್ದಳು. ಅಪ್ಪನ ಹಣೆ ನೋಡಿದಳು, ನನ್ನ ಹಣೆ ನೋಡಿದಳು. ಅಪ್ಪ ನನ್ನ ಕೈ ಬಿಡಲಿಲ್ಲ. ಒಳಗೆ ಹುಡುಗಿಯ ಅಳು ನಿಂತಿರಲಿಲ್ಲ. ಮಡ್ಡಮ್ಮ ಪಕ್ಕಕ್ಕೆ ಸರಿದಳು. ನಾನು ಬಗ್ಗಿ, ಹೊಸ್ತಿಲ ಮೇಲೆ ಚೆಲ್ಲಿದ್ದ ಅರಳೆಯನ್ನು ಎತ್ತಿ, ಅವಳ ಎದುರಿಗೇ ಕಣ್ಣಿಗೊತ್ತಿಕೊಂಡು, ಒಳಗೆ ಕಾಲಿಟ್ಟೆ.