ಕಂಚಿನ ಕನ್ನಡಿ

ಡಾಟ್‌ಕಾಮ್ ಅಬ್ಬರದ ದಿನಗಳಲ್ಲಿ, ಅಮೆರಿಕದ ಎಮರಿವಿಲ್‌ ಊರಿನ ನಮ್ಮ ಪಕ್ಕದ ಅಪಾರ್ಟ್‌ಮೆಂಟಿನಲ್ಲಿದ್ದ ವಿಜಾಪುರದ ಆಕೆ ಆನಿಮೇಷನ್ ಸ್ಟುಡಿಯೋದಲ್ಲಿ ಚಿತ್ರದ ಪಾತ್ರೆ, ಗೋಡೆ, ಬಟ್ಟೆಗಳಿಗೆ ಬಣ್ಣ ಹಚ್ಚುತ್ತಿದ್ದಳು. ಯಾವ ಪುರಾತನ ವಸ್ತುವಿನ ಚಿತ್ರ ಕಂಡರೂ ಅಂಗೈಯಿಂದ ಮೆಲ್ಲಗೆ ಸವರಿ, “ಆವಾಗ ಇದು ಹೊಸಾದಿತ್ರಿ” ಎನ್ನುತ್ತಿದ್ದಳು.

ಒಮ್ಮೆ ಪ್ರಾಚೀನ ಕಾಲದ ರಾಣಿಯ ಕಥೆಗೆ, ಹುಣಸೆಹಣ್ಣು ಹಚ್ಚಿ ತಿಕ್ಕಿದಂತೆ ಹೊಳೆಯುವ ಕಂಚಿನ ಕನ್ನಡಿ ಬಿಡಿಸಿದಳು. ಹಳೆಯದಾಗಿ ಕಾಣುತ್ತಿಲ್ಲ, ಸೋಮವಾರದೊಳಗೆ ಹಸಿರು ಕಿಲುಬು ಹಚ್ಚಿ ಎಂದರು ಸ್ಟುಡಿಯೋದವರು.

“ಕಿಲುಬಿನಾಗ ರಾಣಿ ಮುಖ ಹ್ಯಾಂಗ ನೋಡ್ಕೋತಾಳ್ರೀ?” ಎಂದು ನನ್ನನ್ನು ಕೇಳಿದಳು.

ಭಾನುವಾರ ಮ್ಯೂಸಿಯಮ್ಮಿಗೆ ಕರೆದೊಯ್ದಳು. ಗಾಜಿನ ಪೆಟ್ಟಿಗೆಯೊಳಗೆ ಅಂಥದೇ ಕನ್ನಡಿ, ಪೂರ್ತಿ ಹಸಿರು. ಆಕೆ ಅದರ ಮುಂದೆ ಬಹಳ ಹೊತ್ತು ನಿಂತು, ಮುಂಗುರುಳನ್ನು ಕಿವಿಯ ಹಿಂದೆ ಸರಿಸಿ, ಸಣ್ಣಗೆ ನಕ್ಕಳು. ಆಮೇಲೆ ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟಳು.

ನಾನೂ ಕಾಲರ್ ಸರಿಮಾಡಿಕೊಂಡೆ.