ನಾಲ್ಕು ತಾಲ್ಲೂಕಿನ ಇಡ್ಲಿ ಲೆಕ್ಕ

ಕದಿರಪ್ಪ ಕೋಲಾರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಅಕ್ಷರ ಮುತ್ತು ಪೋಣಿಸಿದಂತಿತ್ತು. ಅದಕ್ಕಿಂತ ಹೆಚ್ಚಿನದನ್ನು ಕಚೇರಿಯೂ ಅವನಿಂದ ಬಯಸಿರಲಿಲ್ಲ.

1939ರಲ್ಲಿ ಮೇಲಿನಿಂದ ಒಂದು ಕಾಗದ ಬಂತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಹೋಟೆಲು, ಛತ್ರ, ವಸತಿಗೃಹಗಳಿಂದ ಆಗುವ ಉತ್ಪತ್ತಿಯನ್ನು ಅಳೆದು ತಿಳಿಸತಕ್ಕದ್ದು. ರಾಗಿ ಅಳೆಯಲು ಸೇರು ಇತ್ತು, ಬಟ್ಟೆ ಅಳೆಯಲು ಗಜವಿತ್ತು. ಬಂದವರಿಗೆ ಬಡಿಸಿದ್ದನ್ನು ಯಾವುದರಿಂದ ಅಳೆಯುವುದೆಂದು ಸಾಹೇಬರಿಗೂ ತಿಳಿಯದು. "ನಿನ್ನ ಅಕ್ಷರ ಚೆನ್ನಾಗಿದೆ, ನೀನೇ ಹೋಗು" ಎಂದರು.

ಮೊದಲು ಹೋದದ್ದು ಮುಳಬಾಗಿಲಿನ ಸುಬ್ಬರಾಯಪ್ಪನ ಹೋಟೆಲಿಗೆ. ಫಾರಂ ಕಂಡ ಕೂಡಲೇ ಸುಬ್ಬರಾಯಪ್ಪನಿಗೆ ಇದು ತೆರಿಗೆ ಹಾಕುವ ಹುನ್ನಾರವೆಂದು ಖಾತ್ರಿಯಾಯಿತು.

"ದಿನಕ್ಕೆ ಎಷ್ಟು ಇಡ್ಲಿ ಹೋಗ್ತವೆ?"

"ಹನ್ನೆರಡು ಸ್ವಾಮಿ. ಅದ್ರಲ್ಲಿ ನಾಲ್ಕು ನಾನೇ ತಿಂತೀನಿ."

ಅವನ ಬೆನ್ನ ಹಿಂದೆ ನಲವತ್ತು ಜನ ಬೆಂಚುಗಳ ಮೇಲೆ ಕುಳಿತು ಸಾಂಬಾರು ಹೀರುತ್ತಿದ್ದರು.

"ಮತ್ತೆ ಇವ್ರೆಲ್ಲ?"

"ನೆಂಟ್ರು."

ಕದಿರಪ್ಪ ಹನ್ನೆರಡೆಂದು ಬರೆದುಕೊಂಡ. ಎದುರಿಗೆ ಎಂಟು ಇಡ್ಲಿ ಬಂದವು. ದುಡ್ಡಿಗೆ ಜೇಬು ತಡಕಿದಂತೆ ಮಾಡಿದಾಗ ಸುಬ್ಬರಾಯಪ್ಪ ಕಿವಿ ಮುಚ್ಚಿಕೊಂಡ. "ತಮ್ಮ ಹತ್ರ ದುಡ್ಡಾ!"

ಹೀಗೆಯೇ ಹನ್ನೊಂದು ದಿನ ನಡೆಯಿತು. ಶ್ರೀನಿವಾಸಪುರದ ಬುಡನ್ ಸಾಬ್ ದಿನಕ್ಕೆ ಮೂರೇ ಚಹಾ ಮಾರುತ್ತಿದ್ದನಂತೆ. ಮಾಲೂರಿನ ವಸತಿಗೃಹದ ಯಜಮಾನ, ತಿಗಣೆ ಬಿಟ್ಟರೆ ತನ್ನಲ್ಲಿ ಯಾರೂ ತಂಗುವುದಿಲ್ಲವೆಂದು ಆಣೆ ಮಾಡಿದ. ಕದಿರಪ್ಪ ಎಲ್ಲರನ್ನೂ ನಂಬಿದ. ಪುಕ್ಕಟೆ ಉಂಡವನಿಗೆ ನಂಬುವುದು ಕಷ್ಟವಲ್ಲ.

ಲಕ್ಕೂರಿನ ದಾರಿಯಲ್ಲಿ, ಗಾಡಿಗಳು ತಂಗುವ ಕಡೆ, ಬೈರಮ್ಮ ಎಂಬ ವಿಧವೆ ಗಾಡಿಯವರಿಗೆ ಮುದ್ದೆ ಸಾರು ಹಾಕುತ್ತಿದ್ದಳು. ಕೇಳಿದ್ದೇ ತಡ, ಹೇಳಿಬಿಟ್ಟಳು: "ದಿನಾ ಅರವತ್ತು ಮುದ್ದೆ, ಸಂತೆ ದಿನ ನೂರಾ ಹತ್ತು. ಬರ್ಕೊಳಪ್ಪಾ, ಮುಚ್ಚಿಡಾಕೇನೈತೆ?"

ಫಾರಮಿನ ಮೊದಲ ಕಾಲಮಿನಲ್ಲಿ ಹೋಟೆಲಿನ ಹೆಸರು ಬರೆಯಬೇಕಿತ್ತು. "ಬೋರ್ಡು ಎಲ್ಲಮ್ಮಾ?" ಎಂದ ಕದಿರಪ್ಪ.

"ಬಂದೋರು ಬೋರ್ಡು ತಿಂತಾರಾ?"

ಅವನು ಎರಡು ಮುದ್ದೆ ಮುಗಿಸಿ ಎದ್ದಾಗ ಬೈರಮ್ಮ ಕೈ ಚಾಚಿದಳು. "ಸರ್ಕಾರದೋನಾದ್ರೆ ರಾಗಿ ತಾನೇ ಬೀಸ್ಕೊಳ್ತದಾ? ಕಾಸು ಕೊಡು." ಹನ್ನೊಂದು ದಿನಗಳಲ್ಲಿ ಅವನು ದುಡ್ಡು ಕೊಟ್ಟದ್ದು ಅಲ್ಲಿ ಮಾತ್ರ. ಆ ಉರಿಗೆ, ಬೋರ್ಡಿಲ್ಲದ್ದು ಹೋಟೆಲಲ್ಲ ಎಂದು ತೀರ್ಮಾನಿಸಿ ಅವಳನ್ನು ಪಟ್ಟಿಯಿಂದ ಬಿಟ್ಟ.

ಸಾಹೇಬರು ವರದಿ ಓದಿದರು. "ನಾಲ್ಕು ತಾಲ್ಲೂಕಿಗೆಲ್ಲ ದಿನಕ್ಕೆ ಎಂಬತ್ತೆಂಟು ಇಡ್ಲಿ. ನೀನು ದಿನಕ್ಕೆ ಎಷ್ಟು ತಿಂದೆಯಪ್ಪಾ?"

"ಎಂಟು, ಸಾರ್."

"ಹಾಗಾದರೆ ಈ ಉದ್ಯಮದ ಹನ್ನೊಂದನೇ ಒಂದು ಪಾಲು ನೀನೇ" ಎಂದು ನಕ್ಕು ರುಜು ಹಾಕಿ ಮೇಲಕ್ಕೆ ಕಳಿಸಿದರು.

ಯುದ್ಧ ಬಂತು. 1943ರ ಹೊತ್ತಿಗೆ ಅಕ್ಕಿ, ರಾಗಿ, ಸಕ್ಕರೆಗೆಲ್ಲ ರೇಷನ್ನು. ಹೋಟೆಲುಗಳಿಗೆ ಎಷ್ಟು ಕೊಡಬೇಕೆಂದು ಹುಡುಕಿದವರಿಗೆ ಸಿಕ್ಕಿದ್ದು ಕದಿರಪ್ಪನ ಮುದ್ದಾದ ಪಟ್ಟಿ. ಸುಬ್ಬರಾಯಪ್ಪನಿಗೆ ಹನ್ನೆರಡು ಇಡ್ಲಿಗಾಗುವಷ್ಟು ಅಕ್ಕಿ ಮಂಜೂರಾಯಿತು. ಅವನು ಎದ್ದುಬಿದ್ದು ಕೋಲಾರಕ್ಕೆ ಓಡಿಬಂದ.

"ಸ್ವಾಮಿ, ನಾನು ಹನ್ನೆರಡು ಅಂದಿದ್ದು ಹನ್ನೆರಡು ನೂರು! ತಾವು ನೂರು ಕೇಳಿಸ್ಕೊಳ್ಳಲಿಲ್ಲ!"

ಅವನ ಹಿಂದೆ ಉಳಿದವರೂ ಬಂದರು. ತಿಗಣೆಯ ಯಜಮಾನ ಮೂರು ಕೋಣೆಗಳಲ್ಲಿ ಇನ್ನೂರು ಜನರನ್ನು ಮಲಗಿಸಿದ. ಕದಿರಪ್ಪ ಹಳೆಯದನ್ನು ಹೊಡೆದುಹಾಕಿ ಅವರು ಹೇಳಿದ್ದನ್ನೆಲ್ಲ ಬರೆದ. ಊರಿನ ಜನ ಅಕ್ಕಿಗೆ ಸಾಲುಗಟ್ಟಿ ನಿಂತ ವರ್ಷವೇ ನಾಲ್ಕು ತಾಲ್ಲೂಕಿನ ಆತಿಥ್ಯ ಕಾಗದದ ಮೇಲೆ ನೂರು ಪಟ್ಟು ಬೆಳೆಯಿತು.

ಕೊನೆಗೆ ಬೈರಮ್ಮ ಬಂದಳು. ಒಬ್ಬಳೇ ಅಲ್ಲ, ಇಪ್ಪತ್ತಾರು ಗಾಡಿಗಳೊಂದಿಗೆ. ಕಚೇರಿಯ ಮುಂದೆ ಎತ್ತುಗಳು ಸಗಣಿ ಹಾಕಿಕೊಂಡು ನಿಂತವು. ಸಾಹೇಬರ ಕಾರು ಹೊರಡಲು ದಾರಿಯಿಲ್ಲ.

"ಪಟ್ಟಿಯಲ್ಲಿ ನಿನ್ನ ಹೆಸರಿಲ್ಲ" ಎಂದ ಕದಿರಪ್ಪ, ತಲೆಯೆತ್ತದೆ.

"ಎಂಗಿರ್ತದೆ? ಬರೆಯೋನು ನೀನೇ ಅಲ್ವಾ? ಎರಡು ಮುದ್ದೆ ನುಂಗಿ, ಕಾಸು ಕೇಳಿದ್ದಕ್ಕೆ ಮುಖ ಗಂಟಾಕ್ಕೊಂಡು ಹೋದೋನು!"

ಇಡೀ ಕಚೇರಿ ಕೇಳಿಸಿಕೊಂಡಿತು. ದಾರಿ ಬಿಟ್ಟರೆ ಸಾಕೆಂದು ಸಾಹೇಬರು, "ಬರೆದುಕೊಳ್ಳಯ್ಯಾ. ಎಷ್ಟಮ್ಮಾ?" ಎಂದರು.

"ಐವತ್ತು ಮುದ್ದೆ."

"ಮೊದಲು ಅರವತ್ತು ಅಂದಿದ್ದೆಯಲ್ಲಾ?" ಕದಿರಪ್ಪನ ಬಾಯಿಂದ ಜಾರಿತು.

"ಈಗ ಗಾಡಿ ಕಮ್ಮಿಯಾಗವೆ. ಇಲ್ಲದ ಬಾಯಿಗೆ ನಾನ್ಯಾಕೆ ರಾಗಿ ಕೇಳ್ಲಿ?"

ಸುಬ್ಬರಾಯಪ್ಪನ ಹನ್ನೆರಡು ನೂರರ ಕೆಳಗೆ ಐವತ್ತೆಂದು ಬರೆಯುವಾಗ ಕದಿರಪ್ಪನಿಗೆ ತನ್ನ ಮುಖಕ್ಕೆ ಯಾರೋ ಉಗಿದಂತಾಯಿತು. ಮೇಲಿನದನ್ನು ತಿದ್ದೋಣವೆಂದುಕೊಂಡ. ತಿದ್ದಿದರೆ ಎಲ್ಲವನ್ನೂ ತಿದ್ದಬೇಕು, ಕೇಳಿದವರಿಗೆಲ್ಲ ಉತ್ತರ ಕೊಡಬೇಕು. ಸುಮ್ಮನೆ ಹಸಿ ಮಸಿಯ ಮೇಲೆ ಒತ್ತುಕಾಗದ ಒತ್ತಿದ.

ಬೈರಮ್ಮನಿಗೆ ಐವತ್ತು ಮುದ್ದೆಯ ರಾಗಿ ಸಿಕ್ಕಿತು. ಸುಬ್ಬರಾಯಪ್ಪನಿಗೆ ಸಿಕ್ಕಿದ್ದರಲ್ಲಿ ಅರ್ಧ ಹಿತ್ತಿಲ ಬಾಗಿಲಿನಿಂದ ಕಾಳಸಂತೆಗೆ ಹೋಯಿತು. ಉದ್ಯಮದ ಪ್ರಗತಿಯನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ್ದಕ್ಕೆ ಮೇಲಿನವರು ಮೆಚ್ಚಿ ಕದಿರಪ್ಪನಿಗೆ ಬಡ್ತಿ ಕೊಟ್ಟರು. ಆ ದಿನ ಮುಳಬಾಗಿಲಿನ ಸುಬ್ಬರಾಯಪ್ಪನಿಂದ ಒಂದು ಮೂಟೆ ಸಕ್ಕರೆ ಮನೆಗೆ ಬಂತು. ಬೇಡವೆನ್ನಲು ಅವನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಆದಿಲಕ್ಷ್ಮಿ ಅದನ್ನು ಒಳಗೆ ಎಳೆದುಕೊಂಡಿದ್ದಳು. ಅವನೂ ಬಾಯಿ ತೆರೆಯಲು ಅವಸರವೇನೂ ಮಾಡಿರಲಿಲ್ಲ.